ಕಡಲ ಬಟಾಣಿ: ಉಪ್ಪುಗಾಳಿಗೆ ಬಗ್ಗದ ಬಳ್ಳಿ

ಸಮುದ್ರದಂಡೆಯಲ್ಲಿ ಹೂದೋಟ ಮಾಡುವವರ ಮೊದಲ ಶತ್ರು ಉಪ್ಪು. ಗಾಳಿಯೊಡನೆ ಹಾರಿಬರುವ ಉಪ್ಪುನೀರಿನ ತುಂತುರು ಎಲೆಗಳನ್ನು ಸುಡುತ್ತದೆ. ಮರಳು ನೀರನ್ನಾಗಲೀ ಗೊಬ್ಬರವನ್ನಾಗಲೀ ಹಿಡಿದಿಡುವುದಿಲ್ಲ. ಇಂತಹ ನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಹೂಬಿಡುವ ಬಳ್ಳಿಯೊಂದು ಯೂರೋಪ್, ಉತ್ತರ ಅಮೆರಿಕ ಹಾಗೂ ಜಪಾನಿನ ತಂಪು ಕರಾವಳಿಗಳಲ್ಲಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲ್ಯಾಥಿರಸ್ ಜಪಾನಿಕಸ್. ಇಂಗ್ಲೆಂಡಿನಲ್ಲಿ ಸೀ ಪೀ, ಅಮೆರಿಕದಲ್ಲಿ ಬೀಚ್ ಪೀ ಎನ್ನುವ ಇದನ್ನು ಕನ್ನಡದಲ್ಲಿ ಕಡಲ ಬಟಾಣಿ ಎನ್ನಬಹುದು.

ಇದು ಹಲವು ವರ್ಷ ಬಾಳುವ ಸಸ್ಯ. ನೆಲದ ಮೇಲೆ ಹರಡುವ ಕಾಂಡ ಸಾಮಾನ್ಯವಾಗಿ 50ರಿಂದ 80 ಸೆಂ.ಮೀ. ಉದ್ದವಿರುತ್ತದೆ. ಎಲೆಗಳು ಬೂದುಮಿಶ್ರಿತ ಹಸಿರು. ಅವುಗಳ ಮೇಲಿನ ಮೇಣದಂತಹ ಲೇಪವು ತೇವ ಆರಿಹೋಗದಂತೆ ಕಾಪಾಡುತ್ತದೆ. ಬೇಸಿಗೆಯಲ್ಲಿ ಅರಳುವ ನೇರಳೆ ಹೂಗಳು ಕ್ರಮೇಣ ನೀಲಿಗೆ ತಿರುಗುತ್ತವೆ. ಬೇರು ಬಹು ಆಳಕ್ಕೆ ಇಳಿಯುತ್ತದೆ. ದ್ವಿದಳ ಸಸ್ಯವಾದ್ದರಿಂದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ತಾನೇ ಪಡೆದುಕೊಳ್ಳುತ್ತದೆ.

ಬೀಜದ ಕಥೆ ಇನ್ನೂ ಸ್ವಾರಸ್ಯಕರ. ಗಟ್ಟಿ ಸಿಪ್ಪೆಯ ಈ ಬೀಜ ಸಮುದ್ರದಲ್ಲಿ ವರ್ಷಗಟ್ಟಲೆ ತೇಲಿದರೂ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ಅಲೆಗಳು ಅದನ್ನು ಮರಳಿಗೂ ಉರುಟುಕಲ್ಲಿಗೂ ಉಜ್ಜಿ ಸಿಪ್ಪೆ ಸವೆಸಿದ ಮೇಲೆಯೇ ನೀರು ಒಳಗಿಳಿದು ಮೊಳಕೆ ಒಡೆಯುತ್ತದೆ. ಪ್ರಪಂಚದ ಇಷ್ಟೊಂದು ತೀರಗಳಲ್ಲಿ ಈ ಬಳ್ಳಿ ಕಾಣಿಸಿಕೊಳ್ಳಲು ಇದೇ ಕಾರಣ.

ತೋಟದಲ್ಲಿ ಬೆಳೆಸುವವರು ಅಲೆಗಳ ಈ ಕೆಲಸವನ್ನು ತಾವೇ ಮಾಡಬೇಕಾಗುತ್ತದೆ. ಬೀಜವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಇಲ್ಲವೇ ನೈಲ್ ಕಟರಿನಿಂದ ಸಿಪ್ಪೆಯನ್ನು ತುಸುವೇ ಕತ್ತರಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಬೇಕು. ಊದದೆ ಉಳಿದವನ್ನು ಮತ್ತೊಮ್ಮೆ ಉಜ್ಜಬೇಕು. ವಸಂತದ ಆರಂಭದಲ್ಲಿ ಆಳವಾದ ಕುಂಡಗಳಲ್ಲಿ ಬಿತ್ತಿ, ಸಸಿ ಎಳೆಯದಿರುವಾಗಲೇ ಬೇರಿಗೆ ಪೆಟ್ಟಾಗದಂತೆ ನೆಲಕ್ಕೆ ಇಳಿಸುವುದು ಕ್ರಮ. ಒಮ್ಮೆ ಬೇರುಬಿಟ್ಟ ಗಿಡವನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಪೂರ್ಣ ಬಿಸಿಲು, ನೀರು ನಿಲ್ಲದ ಮರಳು ಅಥವಾ ಜಲ್ಲಿನೆಲ ಇದಕ್ಕೆ ಸಾಕು. ಗೊಬ್ಬರ ಬೇಡ. ಎಳೆ ಸಸಿಗಳನ್ನು ಗೊಂಡೆಹುಳುಗಳಿಂದ ಕಾಯುವುದೊಂದೇ ನಿಜವಾದ ಶ್ರಮ.

ತಿನ್ನುವ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. 1555ರ ಕ್ಷಾಮದಲ್ಲಿ ಇಂಗ್ಲೆಂಡಿನ ಸಫೋಕ್ ತೀರದ ಬಡವರು ಈ ಬಟಾಣಿಯನ್ನು ತಿಂದು ಜೀವ ಉಳಿಸಿಕೊಂಡರೆಂಬ ವೃತ್ತಾಂತ 1597ರಲ್ಲಿ ಪ್ರಕಟವಾದ ಜಾನ್ ಜೆರಾರ್ಡನ ಸಸ್ಯಗ್ರಂಥದಲ್ಲಿದೆ. ಹಸಿದವರಿಗೆ ಅಂದು ಬೇರೆ ದಾರಿಯಿರಲಿಲ್ಲ. ಆದರೆ ಇದು ನಮ್ಮ ದೇಶದ ಕೇಸರಿ ಬೇಳೆಯ ಕುಲಕ್ಕೇ ಸೇರಿದ ಸಸ್ಯ. ಕೇಸರಿ ಬೇಳೆಯನ್ನೇ ಮುಖ್ಯ ಆಹಾರವಾಗಿ ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಕಾಲುಗಳು ಸೆಟೆದು ಶಕ್ತಿಗುಂದುವ ಲ್ಯಾಥಿರಿಸಂ ಕಾಯಿಲೆ ಕಾಣಿಸಿಕೊಂಡದ್ದರಿಂದಲೇ 1961ರಲ್ಲಿ ಭಾರತದಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂದಿತು. ನರಗಳಿಗೆ ಹಾನಿ ಮಾಡುವ ಅಮೈನೋ ಆಮ್ಲಗಳು ಈ ಕುಲದ ಬೀಜಗಳ ಲಕ್ಷಣ. ಆದ್ದರಿಂದ ಕಡಲ ಬಟಾಣಿಯನ್ನು ಹೂವಿಗಾಗಿ ಬೆಳೆಸುವುದೇ ಕ್ಷೇಮ; ಅದನ್ನು ದಿನನಿತ್ಯದ ಕಾಳಾಗಿ ಬಳಸುವುದು ಸಲ್ಲದು.

ತಂಪು ಹವೆಯ ಸಸ್ಯವಾದ ಇದನ್ನು ಮಂಗಳೂರು, ಕಾರವಾರಗಳ ಸೆಕೆಯಲ್ಲಿ ಬೆಳೆಸಲು ಹೊರಡುವುದು ವ್ಯರ್ಥ. ಉಷ್ಣವಲಯದ ಮರಳುದಂಡೆಗಳಲ್ಲಿ ಇಂಥದೇ ಪಾತ್ರ ವಹಿಸುವ ದ್ವಿದಳ ಬಳ್ಳಿ ಕನಾವಲಿಯಾ ರೋಸಿಯಾ. ಇದು ಕತ್ತಿ ಅವರೆಯ ಕಾಡುಬಂಧು.

ಇಂಗ್ಲೆಂಡಿನಲ್ಲಿ ಕಡಲ ಬಟಾಣಿಯ ಪ್ರಸಿದ್ಧ ನೆಲೆಗಳಲ್ಲೊಂದು ಸಫೋಕಿನ ಆರ್ಫರ್ಡ್ ನೆಸ್ ಎಂಬ ಉರುಟುಕಲ್ಲಿನ ದಂಡೆ. ಇಂತಹ ದಂಡೆಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕ ಸಸ್ಯಸಮೂಹ ಚೇತರಿಸಿಕೊಳ್ಳಲು ಬಹುಕಾಲ ಬೇಕು. 1981ರ ವನ್ಯಜೀವಿ ಕಾಯ್ದೆಯಂತೆ ಅಲ್ಲಿ ಜಮೀನಿನ ಒಡೆಯರ ಅನುಮತಿಯಿಲ್ಲದೆ ಯಾವ ಕಾಡುಗಿಡವನ್ನೂ ಬುಡಸಮೇತ ಕೀಳುವಂತಿಲ್ಲ. ತೋಟಕ್ಕೆ ಬೇಕಾದವರು ನರ್ಸರಿಯಿಂದಲೇ ಬೀಜ ತರಿಸಿಕೊಳ್ಳುವುದು ಉಚಿತ.