ಉಳಿಸಿದ ಯೂನಿಟ್ಟಿಗೆ ಉದ್ಘಾಟನೆ ಇಲ್ಲ

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನಮ್ಮ ಆಫೀಸಿನ ಕನ್ನಡ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಹಳೇ ಕಪ್ಪು-ಬಿಳುಪು ಫೋಟೋ ಓಡಾಡೋಕೆ ಶುರುವಾಗುತ್ತೆ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು, ಏಷ್ಯಾದಲ್ಲೇ ಮೊದಲು, ಎಲ್ಲರಿಗೂ ಶೇರ್ ಮಾಡಿ. ದೀಪ ಬಂದಿದ್ದು ನಿಜ. ಏಷ್ಯಾದಲ್ಲೇ ಮೊದಲು ಅನ್ನೋದು ಮಾತ್ರ ಸ್ವಲ್ಪ ಜಾಸ್ತಿಯಾಯ್ತು. ಡಾರ್ಜಿಲಿಂಗಿನ ಸಿದ್ರಾಪೋಂಗಿನಲ್ಲಿ 1897ಕ್ಕೇ ನೀರಿನಿಂದ ಕರೆಂಟ್ ತೆಗೆದಿದ್ದರು, ಕಲ್ಕತ್ತೆಯಲ್ಲಿ 1899ಕ್ಕೇ ವಿದ್ಯುತ್ ಕೇಂದ್ರ ಇತ್ತು. ನಮಗೆ ಹೆಮ್ಮೆ ಪಡೋಕೆ ಬೇರೆ ಕಾರಣ ಇದೆ, ಆದರೆ ಆ ಕಾರಣ ಬೆಂಗಳೂರಿನದ್ದಲ್ಲ, ಕೋಲಾರದ್ದು.

ಕೋಲಾರದ ಚಿನ್ನದ ಗಣಿ ಆಗ ಉಗಿಯಂತ್ರದ ಮೇಲೆ ನಡೀತಿತ್ತು. ಉಗಿ ಬೇಕು ಅಂದ್ರೆ ಬೆಂಕಿ ಬೇಕು, ಬೆಂಕಿಗೆ ದೂರದಿಂದ ಬರೋ ಕಲ್ಲಿದ್ದಲು, ಇಲ್ಲಾ ಸುತ್ತಮುತ್ತಲ ಸೌದೆ. ಗಣಿ ಆಳಕ್ಕೆ ಇಳಿದಷ್ಟೂ ನೀರೆತ್ತೋ ಖರ್ಚು, ಅದಿರು ಎತ್ತೋ ಖರ್ಚು ಎರಡೂ ಏರುತ್ತಿತ್ತು. ಆಗ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್, ಕಾವೇರಿ ಬೀಳೋ ಶಿವನಸಮುದ್ರದಲ್ಲಿ ಕರೆಂಟ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿ ಎಳೆಯೋ ಯೋಜನೆಗೆ ಕೈಹಾಕಿದರು. ಅಷ್ಟು ಉದ್ದದ ಲೈನು ಆಗ ಜಗತ್ತಿನಲ್ಲೇ ಅಪರೂಪ. 1902ರ ಜೂನ್‌ನಲ್ಲಿ ಕರೆಂಟ್ ಹರಿಯಿತು. ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿಗೆ ಕರೆಂಟ್ ಬಂದಿದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ. ಆ ತಂತಿಯ ಕೆಳಗಿದ್ದ ಹಳ್ಳಿಗಳು ದೀಪಕ್ಕಾಗಿ ದಶಕಗಟ್ಟಲೆ ಕಾದವು.

ಇದನ್ನು ನಾನು ದೂರುತ್ತಿಲ್ಲ. ಸೌದೆ, ಕಲ್ಲಿದ್ದಲ ಜಾಗಕ್ಕೆ ಹರಿಯೋ ನೀರು ಬಂತು, ಒಳ್ಳೇದೇ ಆಯ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕರೆಂಟ್ ಕಮ್ಮಿ. ಅದಕ್ಕೆ ನೀರು ಕೂಡಿಡಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕಟ್ಟೋಕೆ ಶುರು ಮಾಡಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಕೆಆರ್‌ಎಸ್ ಅಂದ್ರೆ ಮಂಡ್ಯದ ಗದ್ದೆ ಅಂತಲೇ ನಾವು ಓದಿದ್ದು, ಕೋಲಾರದ ಗಣಿ ಪಾಠದಲ್ಲಿ ಬರೋದೇ ಇಲ್ಲ. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಅನ್ನೋ ಊರು ನೀರಿನ ಕೆಳಗೆ ಹೋಯ್ತು.

ಶರಾವತಿಯಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. 1948ರಲ್ಲಿ ಜೋಗದ ಹತ್ತಿರ, ಈಗ ಮಹಾತ್ಮ ಗಾಂಧಿ ಹೆಸರಿರೋ ವಿದ್ಯುದಾಗಾರ ಶುರುವಾಯ್ತು. ಅದಕ್ಕೆ ನೀರು ಕೊಡೋಕೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು. ಅದು ಸಾಕಾಗಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಬಂತು, ಎಷ್ಟು ದೊಡ್ಡದು ಅಂದ್ರೆ ಹದಿನಾರು ವರ್ಷ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಅದರ ಹೊಟ್ಟೆಯೊಳಗೆ ಮುಳುಗಿತು. ಒಂದು ಅಣೆಕಟ್ಟು ಇನ್ನೊಂದನ್ನು ಮುಳುಗಿಸಿದ ಮೇಲೆ ಮನೆ, ಅಡಿಕೆ ತೋಟ, ದೇವಸ್ಥಾನದ ಲೆಕ್ಕ ಕೇಳೋರು ಯಾರು? ಸಾವಿರಾರು ಕುಟುಂಬಗಳು ಎದ್ದು ಹೋದವು. ಕೆಲವರಿಗೆ ಕಾಡಿನ ಜಾಗ ತೋರಿಸಿ ಇಲ್ಲಿರಿ ಅಂದರು. ದಾಖಲೆಯಲ್ಲಿ ಅದು ಕಾಡಾಗಿಯೇ ಉಳಿಯಿತು. ಅವರ ಹಕ್ಕುಪತ್ರದ ಗೋಜಲು ಅರವತ್ತು ವರ್ಷ ಕಳೆದರೂ ಬಿಡಿಸಿಲ್ಲ. ನಾ. ಡಿಸೋಜ ಅವರ ‘ದ್ವೀಪ’ ಓದಿಲ್ಲದಿದ್ದರೂ ಕಾಸರವಳ್ಳಿಯವರ ಸಿನಿಮಾ ನೋಡಿರುತ್ತೀರಿ.

ನೀರು ನಿಂತ ಮೇಲೆ ತುಮರಿ ಕಡೆಯ ಊರುಗಳಿಗೆ ದಾರಿಯೇ ಇಲ್ಲದಂತಾಯ್ತು. ಲಾಂಚ್ ಬಂದರೆ ಉಂಟು, ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೂ ದೂರದ ಸುತ್ತುದಾರಿ ಹಿಡಿಯಬೇಕು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ಈ ಅರವತ್ತು ವರ್ಷದಲ್ಲಿ ಶರಾವತಿಯ 1,035 ಮೆಗಾವ್ಯಾಟ್ ಕೇಂದ್ರ ಬೆಂಗಳೂರನ್ನು ಬೆಳಗಿಸಿದೆ, ಐಟಿಐ, ಎಚ್‌ಎಂಟಿ ಕಾಲದಿಂದ ನಾವು ಕೂತಿರೋ ಟೆಕ್ ಪಾರ್ಕುಗಳ ಕಾಲದವರೆಗೂ. ಅಗ್ಗದ ಕರೆಂಟ್ ಅಂತ ಎಲ್ಲರೂ ಹೊಗಳ್ತಾರೆ. ಲಾಂಚಿಗೆ ಕಾದ ಗಂಟೆಗಳನ್ನ ಯಾರೂ ಬಿಲ್ಲಿಗೆ ಸೇರಿಸಿಲ್ಲ, ಅಗ್ಗ ಆಗದೆ ಇನ್ನೇನು.

ನೀರು ಸಾಲದಾದಾಗ ಕಲ್ಲಿದ್ದಲು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಯ್ತು. ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ, ಬೇರೆ ರಾಜ್ಯದಿಂದ ರೈಲಲ್ಲಿ ಬರುತ್ತೆ. ಬೂದಿ ಮಾತ್ರ ರಾಯಚೂರಲ್ಲೇ ಉಳಿಯುತ್ತೆ. ಅದೇ ದಶಕದಲ್ಲಿ ಕೈಗಾ. ಎಂಬತ್ತು ದಾಟಿದ್ದ ಶಿವರಾಮ ಕಾರಂತರು ಪರಿಸರದ ಹೆಸರಲ್ಲಿ 1989ರ ಲೋಕಸಭಾ ಚುನಾವಣೆಗೇ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿಯಿತು. ಆಮೇಲೆ ಕೇಂದ್ರ ನಡೆಯಿತು, ಚೆನ್ನಾಗೇ ನಡೆಯಿತು. 2018ರಲ್ಲಿ ಅದರ ಮೊದಲ ಘಟಕ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಎರಡೂ ಸಂಗತಿ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳೋರ ಜೊತೆ ವಾದ ಮಾಡಿ ನನಗೆ ಸಾಕಾಗಿದೆ.

ನಾನು ಇಷ್ಟು ಹೊತ್ತು ಪೀಠಿಕೆ ಹಾಕಿದ್ದು ಒಬ್ಬ ಮನುಷ್ಯನ ಬಗ್ಗೆ ಹೇಳೋಕೆ. ಅಮೂಲ್ಯ ರೆಡ್ಡಿ. ನಮ್ಮ ವಯಸ್ಸಿನ ಎಂಜಿನಿಯರುಗಳಲ್ಲಿ ಹತ್ತರಲ್ಲಿ ಒಬ್ಬರಿಗೂ ಈ ಹೆಸರು ಗೊತ್ತಿಲ್ಲ. ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದ್ರೆ ಐಐಎಸ್‌ಸಿಯಲ್ಲಿ, ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರು. ಬಾಕ್ರಿಸ್ ಜೊತೆ ಬರೆದ ಅವರ ಪಠ್ಯಪುಸ್ತಕವನ್ನು ಪ್ರಪಂಚದಾದ್ಯಂತ ಓದುತ್ತಾರೆ. ಅಂಥವರು 1974ರಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸೋ ‘ಅಸ್ತ್ರ’ ಅನ್ನೋ ಘಟಕ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ. ಹತ್ತಿರದ ಪುರ ಮತ್ತಿತರ ಊರುಗಳಲ್ಲಿ ಮನೆ ಮನೆಗೆ ಹೋಗಿ ಅಳೆದರು: ಎಷ್ಟು ಸೌದೆ, ಯಾರು ತರ್ತಾರೆ, ಎಷ್ಟು ಹೊತ್ತು ನಡೀತಾರೆ, ಯಾವುದಕ್ಕೆ ಉರಿಸ್ತಾರೆ.

ಉತ್ತರ ನಮ್ಮ ಅಜ್ಜಿಯನ್ನು ಕೇಳಿದ್ರೂ ಸಿಗ್ತಿತ್ತು ಅನ್ನಿ. ಊರಿನ ಶಕ್ತಿಯ ಬಹುಪಾಲು ಸೌದೆ, ಸೌದೆಯ ಬಹುಪಾಲು ಅಡುಗೆಗೆ, ಹೊರೋ ಕೆಲಸದ ದೊಡ್ಡ ಪಾಲು ಹೆಂಗಸರ ಮಕ್ಕಳ ತಲೆ ಮೇಲೆ. ಆದರೆ ಅಜ್ಜಿ ಹೇಳಿದ್ದನ್ನು ವಿಧಾನಸೌಧದಲ್ಲಿ ಯಾರೂ ಕೇಳಲ್ಲ, ಅಂಕಿಅಂಶ ಇದ್ರೆ ಕೇಳಬಹುದು. ಅಲ್ಲಿಂದ ಹುಟ್ಟಿದ್ದೇ ಅಸ್ತ್ರ ಒಲೆ. ನಮ್ಮನೆಯಲ್ಲೂ ಒಂದಿತ್ತು: ಮೂರು ಪಾತ್ರೆ ಕೂರೋ ಒಲೆ, ಗೋಡೆಗೆ ಹೊಗೆ ಕೊಳವೆ, ಮೂರನೇ ಪಾತ್ರೆಯಲ್ಲಿ ಸುಮ್ಮನೆ ನೀರು ಕಾಯ್ತಿತ್ತು. ಅಸ್ತ್ರ ಅನ್ನೋದು ಇಂಗ್ಲಿಷ್ ಹೆಸರಿನ ಮೊದಲಕ್ಷರ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಣ ಬಿಟ್ಟ ಹಾಗೆ ಉರಿಯುತ್ತೆ, ಅದಕ್ಕೇ ಅಸ್ತ್ರ ಅಂತ ಪಕ್ಕದ ಮನೆ ಮಾವ ಅರ್ಥ ಹೇಳ್ತಿದ್ರು.

ಮುಖ್ಯ ವಿಷಯ ಇನ್ನು ಮುಂದಿದೆ. 1987ರಲ್ಲಿ ರಾಜ್ಯ ಸರ್ಕಾರದ ಒಂದು ಸಮಿತಿ 2000ನೇ ಇಸವಿಗೆ ಕರ್ನಾಟಕಕ್ಕೆ ಎಷ್ಟು ಕರೆಂಟ್ ಬೇಕು ಅಂತ ಯೋಜನೆ ಬರೆಯಿತು. ಹಳೇ ಗ್ರಾಫನ್ನು ಹಾಗೇ ಮುಂದಕ್ಕೆ ಎಳೆದ ಲೆಕ್ಕ. ಸುಮಾರು 9,400 ಮೆಗಾವ್ಯಾಟ್ ಸಾಮರ್ಥ್ಯ ಬೇಕು, ಕಲ್ಲಿದ್ದಲು ಬೇಕು, ಅಣು ಬೇಕು, ಇನ್ನಷ್ಟು ಅಣೆಕಟ್ಟು ಬೇಕು. ಅಷ್ಟು ಮಾಡಿದರೂ ಕೊರತೆ ಇರುತ್ತೆ. ರೆಡ್ಡಿ ಮತ್ತು ಸಹೋದ್ಯೋಗಿಗಳು ಪ್ರಶ್ನೆಯನ್ನೇ ಬದಲಾಯಿಸಿದರು. ಜನ ಯೂನಿಟ್ ತಿನ್ನಲ್ಲ. ಅವರಿಗೆ ಬೇಕಿರೋದು ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅದನ್ನು ಎಷ್ಟು ಕಮ್ಮಿ ಯೂನಿಟ್ಟಲ್ಲಿ ಕೊಡಬಹುದು? ಬುರುಡೆ ಬಲ್ಬ್ ತೆಗೆದು ಸಿಎಫ್‌ಎಲ್ ಹಾಕಿ, ಗೀಸರ್ ಬದಲು ಸೋಲಾರ್ ಇಡಿ, ಪಂಪ್‌ಸೆಟ್ಟಿನ ಫುಟ್‌ವಾಲ್ವ್, ಪೈಪು ಸರಿಮಾಡಿ, ಕರೆಂಟಲ್ಲಿ ಅಡುಗೆ ಮಾಡೋರಿಗೆ ಗ್ಯಾಸ್ ಕೊಡಿ, ಹಳ್ಳಿಯಲ್ಲಿ ಸಣ್ಣ ಸಣ್ಣ ಸ್ಥಾವರ ಕಟ್ಟಿ. ಎಲ್ಲ ಮನೆಗೂ ಕರೆಂಟ್ ಕೊಟ್ಟೂ ಅವರ ಲೆಕ್ಕ ನಿಂತಿದ್ದು ಸುಮಾರು 4,000 ಮೆಗಾವ್ಯಾಟಿಗೆ. ಸಮಿತಿ ಕೇಳಿದ್ದರ ಅರ್ಧಕ್ಕೂ ಕಮ್ಮಿ. 1991ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಇದು ಅಚ್ಚಾಯ್ತು. ‘ಡಿಫೆಂಡಸ್’ ಅಂತ ಹೆಸರು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಸೈಟ್ ನಿಧಾನ ಆದಾಗ ಮ್ಯಾನೇಜರ್ ಇನ್ನೂ ಹತ್ತು ಸರ್ವರ್ ಕೇಳ್ತಾನೆ, ಒಬ್ಬ ಡೆವಲಪರ್ ಬಂದು ಒಂದು ಕ್ವೆರಿ ಸರಿಮಾಡಿ ಐದೇ ಸಾಕು ಅಂತಾನೆ. ಆ ಡೆವಲಪರಿಗೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಹತ್ತು ಸರ್ವರಿನ ಕಾಂಟ್ರಾಕ್ಟ್ ಬರೆಯಬಹುದು, ರಿಬ್ಬನ್ ಕತ್ತರಿಸಬಹುದು. ಉಳಿಸಿದ ಯೂನಿಟ್ಟಿಗೆ ಕಲ್ಲು ನೆಟ್ಟು ಹೆಸರು ಕೆತ್ತಿಸೋಕೆ ಆಗಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕ ಸಮಿತಿಯ ಯೋಜನೆಯನ್ನೂ ಪೂರ್ತಿ ಮಾಡಲಿಲ್ಲ, ರೆಡ್ಡಿಯವರದ್ದನ್ನೂ ಮಾಡಲಿಲ್ಲ. ಲೋಡ್ ಶೆಡ್ಡಿಂಗ್ ಮಾಡಿತು. ಎಸ್‌ಎಸ್‌ಎಲ್‌ಸಿಯನ್ನು ಸೀಮೆಎಣ್ಣೆ ದೀಪದಲ್ಲಿ ಓದಿದ ನಮ್ಮ ತಲೆಮಾರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಂಪ್‌ಸೆಟ್ಟಿನ ಕಥೆ ಅಂತೂ ಉಲ್ಟಾ ಆಯ್ತು. ಥ್ರೀ ಫೇಸ್ ಯಾವಾಗ ಬರುತ್ತೋ ಗೊತ್ತಿಲ್ಲ, ರಾತ್ರಿ ಎರಡಕ್ಕೋ ಮೂರಕ್ಕೋ. ಅದಕ್ಕೆ ನಮ್ಮಪ್ಪ ಸೇರಿ ಊರಿನ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗ್ತಿದ್ರು. ಕರೆಂಟ್ ಬಂದ್ರೆ ಮೋಟರ್ ತಾನೇ ಓಡುತ್ತೆ, ಬೇಕಿರಲಿ ಬೇಡದಿರಲಿ ನೀರು ಹರಿಯುತ್ತೆ. ಬೆಳಗ್ಗೆ ಎದ್ದು ನೋಡಿದ್ರೆ ಬದು ಒಡೆದಿರೋದು. ರೈತರಿಗೆ ಉಳಿತಾಯದ ಪಾಠ ಹೇಳೋ ನಗರದವರು ಮೊದಲು ಇದನ್ನ ಕೇಳಿಸ್ಕೋಬೇಕು: ಹೊತ್ತಿಗೆ ಸರಿಯಾಗಿ ಆರು ಗಂಟೆ ಕೊಟ್ಟಿದ್ರೆ ಯಾರೂ ಆಟೋ ಸ್ಟಾರ್ಟರ್ ಹಾಕ್ತಿರಲಿಲ್ಲ.

ಹಾಗಂತ ರೆಡ್ಡಿಯವರ ಲೆಕ್ಕ ಸತ್ತು ಹೋಗಲಿಲ್ಲ, ತಡವಾಗಿ ತುಂಡು ತುಂಡಾಗಿ ನಿಜ ಆಯ್ತು. ಅವರು ತೀರಿಕೊಂಡಿದ್ದು 2006ರಲ್ಲಿ. ಅದರ ಆಚೀಚೆ ಬೆಂಗಳೂರಿನ ಮನೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ಬಂತು, ಹಾಕಿಸಿದವರಿಗೆ ಬಿಲ್ಲಿನಲ್ಲಿ ಸಣ್ಣ ರಿಯಾಯಿತಿ. 2015ರಿಂದ ಎಲ್‌ಇಡಿ. ಒಂದು ಲೆಕ್ಕ ಮಾಡಿ. 60 ವ್ಯಾಟಿನ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ 51 ವ್ಯಾಟ್ ಉಳಿತು. ಸಂಜೆ ಏಳಕ್ಕೆ ಅಂಥ ಎರಡು ಕೋಟಿ ಬಲ್ಬ್ ಒಟ್ಟಿಗೆ ಉರಿಯುತ್ತಿವೆ ಅಂದ್ಕೊಳ್ಳಿ: 1,020 ಮೆಗಾವ್ಯಾಟ್. ಶರಾವತಿ ಕೇಂದ್ರದಷ್ಟೇ, ಹೆಚ್ಚುಕಮ್ಮಿ. ಒಂದು ಮನೆಯೂ ಮುಳುಗಲಿಲ್ಲ.

ಎಲ್‌ಇಡಿ ಅಗ್ಗ ಆಯ್ತು ಅಂತ ಅಪಾರ್ಟ್‌ಮೆಂಟಿನ ತೆಂಗಿನ ಮರಕ್ಕೂ ಸುತ್ತಿ ರಾತ್ರಿಯಿಡೀ ಉರಿಸ್ತೀವಿ, ಅದೂ ನಿಜ. ಎಸಿ ಬಂತು, ಇವಿ ಬಂತು. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಉಳಿತಾಯದಿಂದಲೇ ಎಲ್ಲ ಆಗುತ್ತೆ ಅನ್ನೋದು ಸುಳ್ಳು. ಆದರೆ ಸರ್ಕಾರಿ ನಿಯಮಗಳು ಯಾರ ಪರ ಇವೆ ನೋಡಿ. 2023ರಲ್ಲಿ ಗೃಹಜ್ಯೋತಿ ಶುರುವಾದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಮಿತಿ ಮಾಡಿದರು. ಲೈಟ್ ಆರಿಸಿ ಆರಿಸಿ ಬಳಕೆ ಕಮ್ಮಿ ಮಾಡಿದ್ದ ಮನೆಗೆ ಕಮ್ಮಿ ಮಿತಿ, ಉರಿಸಿದವರಿಗೆ ಜಾಸ್ತಿ.

ಈಗ ಸೂರ್ಯನ ಕಾಲ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಒಂದು ವಿಷಯಕ್ಕೆ ಅದನ್ನು ಮೆಚ್ಚಬೇಕು: ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ತಗೊಂಡರು. ಬರಗಾಲದ ತಾಲ್ಲೂಕಿನಲ್ಲಿ ಜಮೀನಿದ್ದವರಿಗೆ ಅದು ಆಸರೆ. ಆ ಜಮೀನಲ್ಲಿ ಕೂಲಿ ಮಾಡ್ತಿದ್ದವರಿಗೆ, ಕುರಿ ಮೇಯಿಸ್ತಿದ್ದವರಿಗೆ ಗುತ್ತಿಗೆ ಇಲ್ಲ.

ಸೂರ್ಯನ ಇನ್ನೊಂದು ತೊಂದರೆ ನಮ್ಮನ್ನು ಮತ್ತೆ ಶರಾವತಿಗೇ ಕರ್ಕೊಂಡು ಹೋಗುತ್ತೆ. ಮಧ್ಯಾಹ್ನ ಕರೆಂಟ್ ಜಾಸ್ತಿ, ಸಂಜೆ ಇಲ್ಲ. ಅದಕ್ಕೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ: ಹೆಚ್ಚುವರಿ ಕರೆಂಟ್ ಇದ್ದಾಗ ಗೇರುಸೊಪ್ಪದ ನೀರನ್ನು ತಲಕಳಲೆಗೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸೋದು. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಅಣೆಕಟ್ಟು ಬೇಡ ಅನ್ನೋದು ಅದರ ಪರವಾದ ಒಳ್ಳೇ ವಾದ. ಆದರೆ ಸುರಂಗ, ರಸ್ತೆ, ಲೈನು ಹಾದು ಹೋಗೋದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಎತ್ತಿ ಇಳಿಸೋದರಲ್ಲಿ ಸುಮಾರು ಐದನೇ ಒಂದು ಭಾಗ ಕರೆಂಟ್ ಕಳೆದೂ ಹೋಗುತ್ತೆ. ಕಣಿವೆಯ ಜನ ವಿರೋಧಿಸ್ತಿದ್ದಾರೆ, ಅವರಿಗೆ 1964 ನೆನಪಿದೆ.

2,000 ಮೆಗಾವ್ಯಾಟ್ ಅಂದ್ರೆ ಹತ್ತು ಲಕ್ಷ ಗೀಸರ್, ಒಂದೊಂದು ಎರಡು ಕಿಲೋವ್ಯಾಟಿನದ್ದು. ಎಲ್ಲವೂ ಒಂದೇ ನಿಮಿಷಕ್ಕೆ ಆನ್ ಆಗಲ್ಲ ಸರಿ, ಅರ್ಧ ಅಂತಿಟ್ಕೊಳ್ಳಿ. ಬೆಳಗ್ಗೆ ಏಳರ ಪೀಕ್‌ನಿಂದ ಅಷ್ಟನ್ನು ತೆಗೆಯೋಕೆ ತಾರಸಿ ಸಾಕು. ಪಂಪ್‌ಸೆಟ್‌ಗಳನ್ನು ರಾತ್ರಿಯಿಂದ ಹಗಲಿಗೆ ತಂದರೆ ಮಧ್ಯಾಹ್ನದ ಸೋಲಾರ್ ನೇರವಾಗಿ ಹೊಲಕ್ಕೇ ಹೋಗುತ್ತೆ, ಕೂಡಿಡೋ ಕೆಲಸವೇ ಕಮ್ಮಿ. ಕೆಲವು ಫೀಡರುಗಳಲ್ಲಿ ಇದು ಶುರುವಾಗಿದೆ. ಬ್ಯಾಚ್ ಜಾಬನ್ನು ಲೋಡ್ ಕಮ್ಮಿ ಇರೋ ಹೊತ್ತಿಗೆ ಓಡಿಸೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವೆಲ್ಲ ಮುಗಿದ ಮೇಲೂ ಸಂಜೆಗೆ ಎಷ್ಟು ಕೊರತೆ ಉಳಿಯುತ್ತೆ, ಅದರಲ್ಲಿ ಬ್ಯಾಟರಿಗೆ ಎಷ್ಟು, ಕಣಿವೆಗೆ ಎಷ್ಟು? 1991ರ ರೆಡ್ಡಿಯವರ ಲೆಕ್ಕವನ್ನು ಇವತ್ತಿನ ಅಂಕಿಗಳಲ್ಲಿ ಮತ್ತೊಮ್ಮೆ ಮಾಡಿ, ಆ ಕೋಷ್ಟಕವನ್ನು ಗೇರುಸೊಪ್ಪದ ಜನರ ಮುಂದಿಟ್ಟು ಆಮೇಲೆ ಸುರಂಗದ ಮಾತಾಡಬೇಕು. ಸಾಗರದಲ್ಲೂ ಹೊನ್ನಾವರದಲ್ಲೂ ಜನ ಬೀದಿಗಿಳಿದು ವಿರೋಧಿಸುತ್ತಿದ್ದಾರೆ. ಬೆಂಗಳೂರಲ್ಲಿ ಆ ಕರೆಂಟ್ ಬಳಸೋ ನಾವು ಇನ್ನೂ ಆ ಲೆಕ್ಕ ಕೇಳಿಲ್ಲ.