ಕ್ಯಾಂಪಿನವರು

ಸಿಂಧನೂರಿನ ಕಡೆ ಯಾರನ್ನಾದರೂ ‘ಯಾವೂರ್ರೀ ನಿಮ್ದು?’ ಎಂದು ಕೇಳಿ. ಕೆಲವರು ಜವಳಗೇರಾ, ತುರ್ವಿಹಾಳ, ಸಾಲಗುಂದಾ ಎಂದು ಊರಿನ ಹೆಸರು ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಇನ್ನು ಕೆಲವರು ‘ಕ್ಯಾಂಪಿನವ್ರು ರೀ’ ಎನ್ನುತ್ತಾರೆ. ಆಗ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ‘ಅದಲ್ಲ, ಮೂಲ ಯಾವೂರು?’ ಎಂಬ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೊಡುವವರು ಇಲ್ಲೇ ಹುಟ್ಟಿ, ಇಲ್ಲೇ ಸಾಲಿ ಕಲಿತು, ಇಲ್ಲೇ ಗದ್ದೆ ನಾಟಿ ಮಾಡಿಕೊಂಡು ಬಂದವರಾಗಿದ್ದರೂ ಈ ಎರಡನೆಯ ಪ್ರಶ್ನೆ ಅವರಿಗೆ ತಪ್ಪುವುದಿಲ್ಲ.

ಕ್ಯಾಂಪು ಎಂಬ ಪದ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು. ಅದರ ಬೇರು ಲ್ಯಾಟಿನ್ ಭಾಷೆಯ ‘ಕ್ಯಾಂಪಸ್’. ಬಯಲು ಎಂದು ಅದರ ಅರ್ಥ. ಇಂಗ್ಲಿಷಿನಿಂದ ನಮಗೆ ದಾಟಿ ಬಂದ ಮೇಲೆ ಅದು ಹತ್ತಾರು ಕಡೆ ಕೆಲಸಕ್ಕೆ ನಿಂತಿತು. ಕಚೇರಿಯಲ್ಲಿ ಸಾಹೇಬರಿಲ್ಲದಿದ್ದರೆ ಜವಾನ ‘ಕ್ಯಾಂಪ್ ಹೋಗ್ಯಾರ್ರೀ’ ಎನ್ನುತ್ತಾನೆ. ಕಣ್ಣು ತಪಾಸಣೆಗೆ ಕ್ಯಾಂಪು, ರಕ್ತದಾನಕ್ಕೆ ಕ್ಯಾಂಪು, ಕಾಲೇಜು ಮಕ್ಕಳು ಹಳ್ಳಿಯಲ್ಲಿ ವಾರ ಕಳೆಯುವ ಎನ್ನೆಸ್ಸೆಸ್ ಕ್ಯಾಂಪು. ವೃತ್ತಿ ನಾಟಕದ ಕಂಪನಿಯವರಂತೂ ತಮ್ಮ ಬದುಕನ್ನೇ ಕ್ಯಾಂಪಿನಲ್ಲಿ ಎಣಿಸುತ್ತಾರೆ: ಗದಗ ಕ್ಯಾಂಪು, ಸಿಂಧನೂರು ಕ್ಯಾಂಪು, ಬಾದಾಮಿ ಬನಶಂಕರಿ ಜಾತ್ರೆಯ ಕ್ಯಾಂಪು. ಈ ಎಲ್ಲ ಬಳಕೆಗಳಲ್ಲೂ ಇರುವ ತಿಳಿವಳಿಕೆ ಒಂದೇ. ಕ್ಯಾಂಪು ಎಂದರೆ ಎದ್ದು ಹೋಗುವಂಥದ್ದು. ಇಂದು ಇದೆ, ನಾಳೆ ಗೂಟ ಕಿತ್ತರೆ ಮುಗಿಯಿತು.

ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಮಾತ್ರ ಈ ಪದ ಬೇರೂರಿ ನಿಂತಿದೆ. ಹೊಸಪೇಟೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಕೊಪ್ಪಳ ರಾಯಚೂರು ಕಡೆಗೆ ನೀರು ಹರಿಯತೊಡಗಿದಾಗ, ಜೋಳ ಹತ್ತಿ ಬೆಳೆಯುತ್ತಿದ್ದ ಎರೆಭೂಮಿಗೆ ಭತ್ತ ಬಂತು. ಭತ್ತದ ಬೇಸಾಯ ಬಲ್ಲ ಕರಾವಳಿ ಆಂಧ್ರದ ರೈತರು ಇಲ್ಲಿ ಹೊಲ ಕೊಂಡು, ಹೊಲದ ಮಗ್ಗುಲಲ್ಲೇ ಗುಡಿಸಲು ಹಾಕಿದರು. ಆ ಗುಡಿಸಲುಗಳ ಗುಂಪಿಗೆ ಕ್ಯಾಂಪು ಎಂದು ಹೆಸರಾಯಿತು. ಗೊರೇಬಾಳ ಊರಿಗೊಂದು ಗೊರೇಬಾಳ ಕ್ಯಾಂಪು, ಪಗಡದಿನ್ನಿಗೊಂದು ಪಗಡದಿನ್ನಿ ಕ್ಯಾಂಪು. ಗುಡಿಸಲು ಹೋಗಿ ತಾರಸಿ ಮನೆ ಎದ್ದಿವೆ. ಗುಡಿ, ಸಾಲಿ, ಅಕ್ಕಿ ಗಿರಣಿ ಎಲ್ಲ ಬಂದಿವೆ. ಹೆಸರು ಮಾತ್ರ ಕ್ಯಾಂಪಾಗಿಯೇ ಉಳಿದಿದೆ.

ನಮ್ಮ ಭಾಷೆಯಲ್ಲಿ ಇಂಥದ್ದು ಹಿಂದೆಯೂ ನಡೆದಿದೆ. ‘ಬೀಡು’ ಎಂಬ ಮಾತನ್ನೇ ನೋಡಿ. ಅದು ಬಂದದ್ದು ‘ಬಿಡು’ ಎಂಬುದರಿಂದ. ದಂಡು ಬೀಡುಬಿಟ್ಟಿತು ಎಂದರೆ ಪಯಣದ ನಡುವೆ ಇಳಿದು ತಂಗಿತು ಎಂದೇ ಅರ್ಥ. ಅದೇ ಬೀಡು ಶಾಸನಗಳಲ್ಲಿ ‘ನೆಲೆವೀಡು’ ಆಗಿ ರಾಜಧಾನಿಯಾಯಿತು. ಹೊಯ್ಸಳರ ದೋರಸಮುದ್ರ ಇಂದು ನಮಗೆ ಹಳೇಬೀಡು. ‘ನಮ್ಮ ನಾಡು, ನಮ್ಮ ಬೀಡು’ ಎಂದು ಭಾಷಣ ಮಾಡುವ ಯಾರಿಗೂ ಅದು ಒಂದು ಕಾಲದ ಕ್ಯಾಂಪು ಎಂದು ಅನ್ನಿಸುವುದಿಲ್ಲ. ಪಾಳೆಯವೂ ಹಾಗೆಯೇ, ಪಾಳ್ಯವಾಗಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ವಿಳಾಸದೊಳಗೆ ಸೇರಿಕೊಂಡಿದೆ. ತಂಗಿದ ಜಾಗ ನೆಲೆಯಾಗುತ್ತದೆ ಎಂಬುದನ್ನು ಕನ್ನಡ ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಕಾನೂನು ಅದನ್ನು ಒಪ್ಪುವುದಕ್ಕೆ ಹಿಂದೆಮುಂದೆ ನೋಡುತ್ತಿದೆ.

ಹೀಗೆನ್ನಲು ಸಿಂಧನೂರಿನ ಇನ್ನೊಂದು ಬಗೆಯ ಕ್ಯಾಂಪುಗಳು ಕಾರಣ. ಬೋರ್ಡಿನ ಮೇಲೆ ಅವುಗಳ ಹೆಸರು ಆರ್.ಎಚ್. ಕ್ಯಾಂಪು, ಮುಂದೊಂದು ಅಂಕಿ. ಪುನರ್ವಸತಿ ಕ್ಯಾಂಪು ಎಂಬುದರ ಇಂಗ್ಲಿಷ್ ಗಿಡ್ಡರೂಪ ಅದು. ಜನ ಕರೆಯುವುದು ಬಂಗಾಳಿ ಕ್ಯಾಂಪು ಎಂದು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಹಿಂದೂ ಕುಟುಂಬಗಳನ್ನು ಬಾಂಗ್ಲಾ ಯುದ್ಧದ ಆಚೀಚಿನ ವರ್ಷಗಳಲ್ಲಿ ಸರ್ಕಾರವೇ ಇಲ್ಲಿಗೆ ಕರೆತಂದು ಜಮೀನು ಕೊಟ್ಟು ನೆಲೆಗೊಳಿಸಿತು. ಅವರಲ್ಲಿ ಹೆಚ್ಚಿನವರು ನಾಮಶೂದ್ರರು. ನದಿ, ಕೆರೆ, ಭತ್ತ, ಮೀನು ಬಲ್ಲವರು. ಗಂಗೆ ಬ್ರಹ್ಮಪುತ್ರೆಯರ ಕೆಸರಿನಿಂದ ಬಂದವರಿಗೆ ನಲವತ್ತು ಡಿಗ್ರಿಯ ಬೇಸಗೆಯಲ್ಲಿ ಬಾಯಿಬಿಡುವ ಎರೆಭೂಮಿ ಸಿಕ್ಕಿತು. ಆ ಭೂಮಿಯನ್ನು ಅವರು ಗದ್ದೆ ಮಾಡಿದರು, ಮಗ್ಗುಲಲ್ಲಿ ಹೊಂಡ ತೋಡಿ ಮೀನು ಬಿಟ್ಟರು, ಆಶ್ವಯುಜದಲ್ಲಿ ದುರ್ಗೆಯನ್ನು ಕೂರಿಸಿದರು.

ಆ ಕ್ಯಾಂಪೊಂದರ ಚಹಾದಂಗಡಿಯಲ್ಲಿ ಒಬ್ಬ ಹುಡುಗ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದುದನ್ನು ಕಂಡಿದ್ದೇನೆ. ಹುಟ್ಟಿದ ಸ್ಥಳ: ಸಿಂಧನೂರು. ಮಾತೃಭಾಷೆ ಎಂಬಲ್ಲಿ ‘ಬಂಗಾಳಿ’ ಎಂದು ಬರೆದ, ಗುಂಡಾದ ಕನ್ನಡ ಅಕ್ಷರದಲ್ಲಿ, ಒತ್ತು ದೀರ್ಘ ಯಾವುದೂ ತಪ್ಪದೆ. ಜಾತಿ ಎಂಬಲ್ಲಿ ಪೆನ್ನು ನಿಂತಿತು. ಅಂಗಡಿಯ ಹಿರಿಯರು ‘ಅದನ್ನ ಸಾಲ್ಯಾಗ ಕೇಳಿ ಬರಿಯಪಾ’ ಎಂದರು. ಹುಡುಗ ಅವರಿಗೆ ಬಂಗಾಳಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ, ‘ನಮ್ಮವ್ವನೂ ಇಲ್ಲೇ ಹುಟ್ಟ್ಯಾಳ್ರೀ ಸರ’ ಎಂದ. ನಾನು ಏನೂ ಕೇಳಿರಲಿಲ್ಲ. ಕೇಳುವ ಮುಂಚೆಯೇ ಉತ್ತರ ಕೊಡುವ ರೂಢಿ ಆ ವಯಸ್ಸಿಗೇ ಬಂದುಬಿಟ್ಟಿರುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಜಾತಿಯ ಜಾಗದಲ್ಲಿ ಪೆನ್ನು ನಿಂತದ್ದಕ್ಕೆ ಕಾರಣವಿದೆ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಹೀಗಾಗಿ ದೇಶದೊಳಗೆ ಎಲ್ಲಿಗೆ ಕಳಿಸಿದರು ಎಂಬುದೇ ಆ ಕುಟುಂಬಗಳ ಮಕ್ಕಳು ಏನಾಗಬಹುದು ಎಂಬುದನ್ನು ನಿರ್ಧರಿಸಿತು. ಜಾಗವನ್ನು ಆರಿಸಿದವರು ಅವರಲ್ಲ.

ಪೌರತ್ವದ ಮಾತು ಇದಕ್ಕಿಂತ ಕಗ್ಗಂಟು. 1955ರ ಪೌರತ್ವ ಕಾಯ್ದೆ ಮೊದಲಿಗೆ ಬಹಳ ಉದಾರವಾಗಿತ್ತು. 1950ರ ಜನವರಿ 26ರ ನಂತರ ಭಾರತದ ನೆಲದಲ್ಲಿ ಹುಟ್ಟಿದ ಮಗು ಭಾರತೀಯ. ತಂದೆತಾಯಿ ಯಾರು ಎಂದು ಅದು ಕೇಳುತ್ತಿರಲಿಲ್ಲ. 1987ರ ಜುಲೈ 1ರಿಂದ ಅದು ಬದಲಾಯಿತು: ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿಯಾಯಿತು: ಒಬ್ಬರು ಭಾರತೀಯರಾದರೆ ಸಾಲದು, ಇನ್ನೊಬ್ಬರು ‘ಅಕ್ರಮ ವಲಸಿಗ’ ಆಗಿರಕೂಡದು. ಈಗ ಕ್ಯಾಂಪಿನ ಒಂದು ಮನೆಯನ್ನು ನೆನೆಸಿಕೊಳ್ಳಿ. ತಂದೆತಾಯಿಗೆ ಪೌರತ್ವದ ಕಾಗದ ಸಿಕ್ಕಿಲ್ಲ. ಅಣ್ಣ 1986ರಲ್ಲಿ ಹುಟ್ಟಿದ, ತಮ್ಮ 1988ರಲ್ಲಿ. ಒಂದೇ ಸೂಲಗಿತ್ತಿ, ಒಂದೇ ಕೋಣೆ, ಒಂದೇ ಸಾಲಿ. ಕಾಯ್ದೆಯ ಪ್ರಕಾರ ಅಣ್ಣ ಹುಟ್ಟಿನಿಂದಲೇ ಭಾರತೀಯ, ತಮ್ಮ ಅಲ್ಲ. ಅವರ ನಡುವೆ ಇರುವುದು ಎರಡು ವರ್ಷ ಮತ್ತು ದೆಹಲಿಯಲ್ಲಿ ಬಿದ್ದ ಒಂದು ತಾರೀಖು.

ಹಳೆಯ ಕಾಯ್ದೆಗೆ ಎಷ್ಟು ಬಲವಿತ್ತು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟನ್ನರು 1960ರ ದಶಕದಿಂದ ನೆಲೆಸಿದ್ದಾರೆ. ಅವರದ್ದೂ ಒಂದು ಕ್ಯಾಂಪೇ. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ನಿರಾಶ್ರಿತರ ಮಗ ಎಂಬುದು ಅಡ್ಡಿಯಾಗಲಿಲ್ಲ, ನೆಲ ಸಾಕಾಯಿತು.

ಪೌರತ್ವ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಸಿಂಧನೂರಿನ ಕ್ಯಾಂಪುಗಳಲ್ಲಿ ಆಸೆ ಹುಟ್ಟಿಸಿತು. 2024ರ ಮಾರ್ಚ್ 11ರಂದು ಅದರ ನಿಯಮಗಳು ಹೊರಬಂದವು, ಆ ವರ್ಷವೇ ಇಲ್ಲಿನ ಕೆಲವರ ಕೈಗೆ ಪೌರತ್ವದ ಪ್ರಮಾಣಪತ್ರ ಬಂತು. ಐವತ್ತು ವರ್ಷ ಕಾದವರ ಸಂತೋಷ ದೊಡ್ಡದು, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಈ ದಾರಿ ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು. ತಿದ್ದುಪಡಿ ಹೆಸರಿಸುವ ಮೂರು ದೇಶಗಳಲ್ಲಿ ನೀನು ಯಾವುದರಿಂದ ಬಂದೆ, ನಿನ್ನ ಧರ್ಮ ಯಾವುದು, 2014ರ ಡಿಸೆಂಬರ್ 31ರೊಳಗೆ ಬಂದೆಯಾ? ನೀನಲ್ಲದಿದ್ದರೆ ನಿನ್ನ ತಂದೆ, ತಾತ, ಮುತ್ತಾತ ಆ ದೇಶದ ಪ್ರಜೆಯಾಗಿದ್ದರೆಂದು ತೋರಿಸುವ ಕಾಗದವೂ ನಡೆಯುತ್ತದೆ. ಅಂದರೆ ಭಾರತೀಯ ಎನಿಸಿಕೊಳ್ಳಬೇಕಾದರೆ ಮೊದಲು ನಮ್ಮ ಮನೆತನ ಬಾಂಗ್ಲಾದೇಶದ್ದು ಎಂದು ರುಜುವಾತು ಮಾಡಬೇಕು. ಸಿಂಧನೂರಿನ ಸಾಲಿಯಲ್ಲಿ ‘ನನ್ನ ದೇಶ’ ಎಂದು ಪ್ರಬಂಧ ಬರೆದು ಬಹುಮಾನ ಪಡೆದ ಹುಡುಗಿಗೆ ಆ ಕಾಗದ ಎಲ್ಲಿಂದ ಬರಬೇಕು? ನೀನು ಎಲ್ಲಿ ಬೆಳೆದೆ ಎಂಬ ಪ್ರಶ್ನೆ ಆ ಅರ್ಜಿಯ ಜೀವಾಳವಾಗಬೇಕಿತ್ತು. ಧರ್ಮ ಅದರ ಜಾಗಕ್ಕೆ ಬಂದು ಕೂತದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಯಾರು ಈ ನಾಡಿನವರು ಎಂಬ ಪ್ರಶ್ನೆಯನ್ನು ನಮ್ಮ ಭಾಗದ ಹಳೆಯ ಆಡಳಿತ ಬೇರೆ ರೀತಿಯಲ್ಲಿ ಬಿಡಿಸಿತ್ತು. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. ಅಲ್ಲಿ ‘ಮುಲ್ಕಿ’ ಎಂಬ ಮಾತು ನಡೆಯುತ್ತಿತ್ತು. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ಈ ನಾಡಿನವ. ಸರ್ಕಾರಿ ನೌಕರಿ ಬೇಕಾದರೆ ಮುಲ್ಕಿಯಾಗಿರಬೇಕು. ಹುಟ್ಟಿನಿಂದ ಮುಲ್ಕಿಯಾಗಬಹುದಿತ್ತು; ಅಥವಾ ಹದಿನೈದು ವರ್ಷ ಇಲ್ಲಿ ನೆಲೆಸಿ, ಬಂದ ಊರಿಗೆ ಹಿಂದಿರುಗುವ ಯೋಚನೆ ಬಿಟ್ಟಿದ್ದೇನೆಂದು ಪ್ರಮಾಣಪತ್ರ ಕೊಟ್ಟೂ ಆಗಬಹುದಿತ್ತು. ನಿಜಾಮರ ಆಳ್ವಿಕೆಯನ್ನು ಹೊಗಳುವ ಉದ್ದೇಶ ನನಗಿಲ್ಲ. ಮುಲ್ಕಿ, ಗೈರ್‌ಮುಲ್ಕಿ ಎಂಬ ಜಗಳ 1952ರಲ್ಲಿ ಹೈದರಾಬಾದಿನ ಬೀದಿಗಳಲ್ಲಿ ರಕ್ತ ಹರಿಸಿತು. ಆದರೂ ಹಿಂದಿರುಗುವ ಯೋಚನೆ ಬಿಟ್ಟವನು ಈ ನಾಡಿನವನು ಎಂಬ ಆ ಷರತ್ತಿನಲ್ಲಿ ಮನುಷ್ಯನ ಮನಸ್ಸನ್ನು ಬಲ್ಲ ತಿಳಿವಳಿಕೆ ಇದೆ.

ಅದರ ನೆರಳು ಇಂದಿಗೂ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಮೀಸಲಾತಿಗೆ ಅರ್ಹರನ್ನು ಗುರುತಿಸುವಾಗ ಹುಟ್ಟಿನಿಂದ ‘ಅಥವಾ’ ನೆಲೆಸುವಿಕೆಯಿಂದ ಈ ಪ್ರದೇಶಕ್ಕೆ ಸೇರಿದವರು ಎನ್ನುತ್ತದೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದ ಮೀಸಲಿಗೆಂದು ರಾಜ್ಯ ಸರ್ಕಾರ ಸಿದ್ಧಪಡಿಸಿ ತಡೆಹಿಡಿದ ಮಸೂದೆಯಲ್ಲಿ ‘ಅಥವಾ’ ಹೋಗಿ ‘ಮತ್ತು’ ಬಂದಿತ್ತು: ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ನೆಲೆಸಿಯೂ ಇರಬೇಕು, ಕನ್ನಡವೂ ಬರಬೇಕು. ಮುಂಬಯಿಯ ಆಸ್ಪತ್ರೆಯಲ್ಲಿ ಹುಟ್ಟಿ ಮಸ್ಕಿಯಲ್ಲಿ ಬೆಳೆದ ಕನ್ನಡದ ಮಗು ಇದರಲ್ಲಿ ಹೊರಗುಳಿಯುತ್ತಿತ್ತು.

ಹುಟ್ಟಿಗೆ ಬೆಳವಣಿಗೆಯನ್ನು ಸೇರಿಸಿ ನೋಡಿದ ದೇಶಗಳೂ ಇವೆ. ಫ್ರಾನ್ಸಿನಲ್ಲಿ ವಿದೇಶಿ ತಂದೆತಾಯಿಗೆ ಹುಟ್ಟಿದ ಮಗು ಹನ್ನೊಂದು ತುಂಬಿದ ಮೇಲೆ ಒಟ್ಟು ಐದು ವರ್ಷ ಅಲ್ಲಿ ಬೆಳೆದಿದ್ದರೆ ಹದಿನೆಂಟಕ್ಕೆ ಫ್ರೆಂಚ್ ಪ್ರಜೆಯಾಗುತ್ತದೆ. ಬ್ರಿಟನ್ 1983ರಿಂದ ಹುಟ್ಟಿನ ಹಕ್ಕನ್ನು ಬಿಗಿ ಮಾಡಿತು. ಆದರೂ ಅಲ್ಲಿ ಹುಟ್ಟಿ ಮೊದಲ ಹತ್ತು ವರ್ಷ ಅಲ್ಲೇ ಬೆಳೆದ ಮಗುವಿಗೆ ಪೌರತ್ವ ನೋಂದಾಯಿಸಿಕೊಳ್ಳುವ ಹಕ್ಕನ್ನು ಉಳಿಸಿಕೊಟ್ಟಿತು. ಗಡಿಯ ಚಿಂತೆ ಆ ದೇಶಗಳಿಗೂ ಇದೆ. ಮಗು ಗಡಿ ದಾಟಿ ಬಂದದ್ದಲ್ಲ ಎಂಬುದೂ ಅವಕ್ಕೆ ಗೊತ್ತಿದೆ.

ಹುಟ್ಟು ಹೆಚ್ಚೋ ಬೆಳೆದದ್ದು ಹೆಚ್ಚೋ ಎಂದು ನನ್ನನ್ನು ಕೇಳಿದರೆ ಬೆಳೆದದ್ದೇ ಹೆಚ್ಚು ಎನ್ನುತ್ತೇನೆ. ಹುಟ್ಟು ಒಂದು ದಿನದ್ದು, ಅದೂ ತಾಯಿ ಆ ದಿನ ಎಲ್ಲಿದ್ದಳು ಎಂಬುದರ ಮೇಲೆ ಹೋಗುತ್ತದೆ. ಯಾವ ಭಾಷೆಯಲ್ಲಿ ಲೆಕ್ಕ ಕಲಿತೆವು, ಯಾವ ಕಾಲುವೆಗೆ ನೀರು ಬಿಡುವ ದಿನ ಕಾದೆವು, ಯಾರ ಜೊತೆ ಮೊಹರಮ್ಮಿನ ಅಲಾಯಿ ನೋಡಲು ಓಡಿದೆವು, ಇವು ವರ್ಷಗಟ್ಟಲೆ ಸೇರಿ ಒಬ್ಬನನ್ನು ಒಂದು ನಾಡಿನವನನ್ನಾಗಿ ಮಾಡುತ್ತವೆ. ಮನೆಯಲ್ಲಿ ಬೇರೆ ಭಾಷೆ, ಬೇರೆ ದೇವರು, ಬೇರೆ ಅಡುಗೆ ಇದ್ದರೆ ಇದಕ್ಕೆ ಕುಂದಿಲ್ಲ.

ಆದ್ದರಿಂದ ಸಂಸತ್ತು ಪೌರತ್ವ ಕಾಯ್ದೆಗೆ ಒಂದು ಸಾಲು ಸೇರಿಸಬೇಕು: ಈ ನೆಲದಲ್ಲಿ ಹುಟ್ಟಿ ಹತ್ತು ವರ್ಷ ಇಲ್ಲೇ ಬೆಳೆದ ಮಗು, ತಂದೆತಾಯಿ ಯಾರೇ ಇರಲಿ, ಯಾವ ಧರ್ಮದ್ದೇ ಇರಲಿ, ಭಾರತದ ಪ್ರಜೆ. ನಾಮಶೂದ್ರರನ್ನು ಪರಿಶಿಷ್ಟ ಜಾತಿಯ ಪಟ್ಟಿಗೆ ಸೇರಿಸುವ ಕೆಲಸ ರಾಜ್ಯದ ಶಿಫಾರಸಿನಿಂದ ಶುರುವಾಗಿ ಸಂಸತ್ತಿನಲ್ಲಿ ಮುಗಿಯಬೇಕು. ನಮ್ಮ ಭಾಗದ ಶಾಸಕರು, ಸಂಸದರು ಚುನಾವಣೆಯ ಹೊತ್ತಿಗೆ ಕ್ಯಾಂಪುಗಳಿಗೆ ಹೋಗುತ್ತಾರೆ. ಈ ಎರಡು ಬೇಡಿಕೆಗಳನ್ನು ಅವರ ಮುಂದೆ ಇಡುವವರು ಕ್ಯಾಂಪಿನವರಷ್ಟೇ ಆಗಬಾರದು, ಊರಿನ ನಾವೂ ಇಡಬೇಕು.