ಬಿಳುಪಿನ ಬೆಲೆ

ಕಾಲೇಜಿಗೆ ಹೊರಡುವ ಮುನ್ನ ಹಚ್ಚಿಕೊಳ್ಳುವ ಪೌಡರಿಗೂ ಒಂದು ಇತಿಹಾಸವಿದೆ, ಬಲ್ಲಿರಾ? 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರು ಮುಖಕ್ಕೆ ಬಿಳಿ ಸೀಸದ ಲೇಪ ಬಳಿಯುತ್ತಿದ್ದರು. ಬಿಸಿಲು ಕಾಣದ ಬಿಳುಪು ಅಂತಸ್ತಿನ ಗುರುತಾಗಿತ್ತು. ಸಿಡುಬಿನ ಕಲೆಗಳೂ ಅದರಡಿ ಮರೆಯಾಗುತ್ತಿದ್ದವು. ಆದರೆ ಸೀಸ ವಿಷ. ಅದು ಚರ್ಮವನ್ನು ಕೆಡಿಸುತ್ತಿತ್ತು. ಕೆಟ್ಟದ್ದನ್ನು ಮುಚ್ಚಲು ಇನ್ನಷ್ಟು ದಪ್ಪ ಲೇಪ ಬೇಕಾಗುತ್ತಿತ್ತು. ಚೆಲುವಿಗೆ ಹೆಸರಾಗಿದ್ದ ಕವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ 1760ರಲ್ಲಿ, 30 ತುಂಬುವ ಮೊದಲೇ ತೀರಿಕೊಂಡಳು. ಈ ಲೇಪವೇ ಆಕೆಯನ್ನು ಕೊಂದಿತೆಂಬ ಮಾತು ಉಳಿದುಬಂದಿದೆ.

ಸೀಸದ ಲೇಪ ಹೋಯಿತು, ಬಿಳುಪಿನ ಹಂಬಲ ಹೋಗಲಿಲ್ಲ. ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲಿ ಇಂದಿಗೂ ಪಾದರಸ ಪತ್ತೆಯಾಗುತ್ತಿದೆ. ಆದ್ದರಿಂದ ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಘಟಕಗಳ ಪಟ್ಟಿ ಓದಿ; ತಯಾರಕರ ವಿಳಾಸವಿಲ್ಲದ್ದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಪೌಡರನ್ನಂತೂ ನಿಮ್ಮದೇ ಮೈಬಣ್ಣಕ್ಕೆ ಒಪ್ಪುವಂತೆ ಆರಿಸಿಕೊಳ್ಳಿ.